ಮಣಿ ಪೋಣಿಸುವವರ ಓಣಿಯಲ್ಲಿ ಮಹಾರಸಿಕ

ತರಕಾರಿಯ ದೆಸೆಯಿಂದ ಹೆಂಡತಿಯನ್ನು ಕಳೆದುಕೊಂಡ ಗಂಡಸು ಇಡೀ ವೆನಿಸ್ ನಗರದಲ್ಲಿ ನಾನೊಬ್ಬನೇ ಇರಬೇಕು. (ಮೀನಿನ ದೆಸೆಯಿಂದ ಕಳೆದುಕೊಂಡವರು ಇದ್ದಾರೆ. ಅದು ನಮ್ಮಲ್ಲಿ ಗೌರವದ ವಿಷಯ.) ಕಳೆದುಕೊಂಡೆ ಅಂದರೆ ಅವಳೇನೂ ಸಮುದ್ರ ದಾಟಿ ಹೋಗಲಿಲ್ಲ, ಸೇತುವೆ ದಾಟಿದಳು, ಅಷ್ಟೆ. ಸೇತುವೆಯ ಆಚೆ ಅವಳ ತವರು. ನಮ್ಮ ಅಡುಗೆಮನೆಯ ಕಿಟಕಿಯಿಂದ ಇಣುಕಿದರೆ ಅತ್ತೆ ಒಣಹಾಕಿದ ಲಂಗಗಳು ಕಾಣುತ್ತವೆ. ಅವತ್ತಿನಿಂದ ಅವುಗಳ ಪಕ್ಕದಲ್ಲಿ ನನ್ನ ಹೆಂಡತಿ ನಿನೆತಾಳ ಲಂಗವೂ ಕಾಣತೊಡಗಿತು. ಗಾಳಿ ಬೀಸಿದಾಗ ಎರಡೂ ನನ್ನ ಮನೆಯ ಕಡೆಗೇ ಕೈ ಮಾಡಿ ಏನೋ ಮಾತಾಡಿಕೊಳ್ಳುತ್ತಿದ್ದವು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮದು ಉಣ್ಣುವ ವಸ್ತುವಿನಿಂದಲೇ ಶುರುವಾದದ್ದು, ಮತ್ತು ಉಣ್ಣಲೇ ಇಲ್ಲವಾದ್ದರಿಂದ ಮುಗಿಯುವ ಪ್ರಶ್ನೆಯೇ ಬರಲಿಲ್ಲ.

ಅವತ್ತು ಸಂತ ಮಾರ್ಕೋಸನ ಹಬ್ಬ. ಆ ದಿನ ನಮ್ಮೂರಿನ ಪ್ರತಿ ಗಂಡಸೂ ತನ್ನ ಹೆಣ್ಣಿಗೆ ಒಂದು ಕೆಂಪು ಗುಲಾಬಿಯ ಮೊಗ್ಗು ಕೊಡಬೇಕು. ಕುಡುಕ ಕೊಡುತ್ತಾನೆ, ಜಿಪುಣ ಕೊಡುತ್ತಾನೆ, ಹೆಂಡತಿಯ ಜೊತೆ ಮಾತು ಬಿಟ್ಟವನು ಕೂಡ ಮುಖ ಆ ಕಡೆ ತಿರುಗಿಸಿಕೊಂಡು ಕೈ ಈ ಕಡೆ ಚಾಚುತ್ತಾನೆ. ನಾನು ವಪೊರೆತ್ತೊ ಎಂಬ ನಮ್ಮೂರಿನ ನೀರ ಬಸ್ಸಿನಲ್ಲಿ ಹಗ್ಗದವನು. ನಿಲ್ದಾಣ ಬಂದಾಗ ಹಗ್ಗ ಎಸೆದು ದೋಣಿ ಕಟ್ಟುವುದು, ಕಟಕಟೆ ತೆರೆದು "ಇಳಿಯುವವರು ಮೊದಲು!" ಎಂದು ಕೂಗುವುದು, ಮತ್ತೆ ಬಿಚ್ಚುವುದು. ಜೀವನದಲ್ಲಿ ನಾನು ಕಟ್ಟಿಕೊಂಡದ್ದರಲ್ಲಿ ಬಿಚ್ಚಲು ಬಾರದ್ದು ಒಂದೇ, ಅದರ ಹೆಸರು ನಿನೆತಾ. ನನ್ನ ಹೆಸರು ಜಿರೋಲಮೊ. ಅದು ಜ್ಞಾನಸ್ನಾನ ಮಾಡಿಸಿದ ಪಾದ್ರಿಗೆ ಮಾತ್ರ ನೆನಪಿದೆ, ಉಳಿದವರಿಗೆ ನಾನು ಮೊಮೊಲೊ.

ಹಬ್ಬದ ದಿನ ಬೆಳಗಿನ ಪಾಳಿ. ಮುಗಿಸಿ ರಿಯಾಲ್ತೊ ಮಾರುಕಟ್ಟೆಗೆ ಓಡಿದರೆ ಮೊಗ್ಗುಗಳೆಲ್ಲ ಖಾಲಿ. ಉಳಿದದ್ದು ಒಂದೇ ಗುಲಾಬಿ, ಅದೂ ಪೂರ್ತಿ ಅರಳಿ, ಎಸಳುದುರಿ, ಅತ್ತೆಯ ಓಣಿಯ ಮುದುಕಿ ಜೀಜಜ್ಜಿಯ ಬೊಚ್ಚುಬಾಯಿಯ ಹಾಗಿತ್ತು. ಅದೇ ಹೊತ್ತಿಗೆ ಸಾಂತ್ ಎರಾಸ್ಮೊ ದ್ವೀಪದ ತರಕಾರಿಯವಳೊಬ್ಬಳು, ದಿನಾ ನಮ್ಮ ದೋಣಿಗೇ ಹತ್ತುವವಳು, ನನ್ನ ಮುಖ ನೋಡಿ ಕನಿಕರಪಟ್ಟು ಬುಟ್ಟಿಯಿಂದ ಆರ್ಟಿಚೋಕ್ ಎಂಬ, ಹುರಿದು ತಿನ್ನುವ ಮುಳ್ಳುಗಿಡದ ಒಂದು ಮೊಗ್ಗು ತೆಗೆದುಕೊಟ್ಟಳು. ಆ ವರ್ಷದ ಮೊದಲ ಫಸಲು! ಗಿಡದ ನಡುನೆತ್ತಿಯಲ್ಲಿ ಬಿಡುವ ಮೊದಲನೇ ಮೊಗ್ಗು. ಅದಕ್ಕಾಗಿ ನಮ್ಮೂರಿನ ಶ್ರೀಮಂತರು ಅಡುಗೆಯವರನ್ನು ಬೆಳಗಾಗುವ ಮುಂಚೆ ಎಬ್ಬಿಸಿ ಕಳಿಸುತ್ತಾರೆ. ನಾನು ಯೋಚಿಸಿದೆ (ನನ್ನ ಕಷ್ಟಗಳೆಲ್ಲ ಈ ಕ್ರಿಯಾಪದದಿಂದಲೇ ಶುರುವಾಗುವುದು): ಮೊಗ್ಗು ಅಂದರೆ ಮೊಗ್ಗು ತಾನೇ?

ನಿನೆತಾ ಬಾಗಿಲು ತೆರೆದಳು. ನಾನು ಬೆನ್ನ ಹಿಂದಿನಿಂದ ಕೈ ಮುಂದೆ ತಂದೆ.

"ಏನಿದು?"

"ಮೊಗ್ಗು!"

"ಯಾವುದರ ಮೊಗ್ಗು?"

"ಆರ್ಟಿಚೋಕಿಂದು. ಈ ವರ್ಷದ ಮೊದಲನೇದು ಕಣೇ! ಬಣ್ಣ ನೋಡು, ಬಿಷಪ್ಪರ ನಿಲುವಂಗಿ ಇದ್ದಂಗಿದೆ."

"ಇದನ್ನ ಏನಂತ ಕರೀತಾರೆ ಹೇಳು."

ಆ ಮೊದಲ ಮೊಗ್ಗಿಗೆ ನಮ್ಮ ಭಾಷೆಯಲ್ಲಿ 'ಕಾಸ್ತ್ರಾವ್ರಾ' ಅನ್ನುತ್ತಾರೆ. ಉಳಿದವು ಚೆನ್ನಾಗಿ ಬೆಳೆಯಲಿ ಅಂತ ಕತ್ತರಿಸಿ ತೆಗೆಯುವುದರಿಂದ ಆ ಹೆಸರು. ಹೋರಿಯನ್ನು ಎತ್ತು ಮಾಡುವ ಕೆಲಸಕ್ಕೂ ನಮ್ಮಲ್ಲಿ ಅದೇ ಮಾತು.

"ಪ್ರೀತಿಯ ಹಬ್ಬದ ದಿನ," ಎಂದಳು ನಿನೆತಾ, ಬಹಳ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದಾಗ ಬೆಕ್ಕು ಕೂಡ ಮಂಚದ ಕೆಳಗೆ ಹೋಗುತ್ತದೆ. "ಕಟ್ಟಿಕೊಂಡ ಹೆಂಡತಿಗೆ ಎತ್ತಿನ ಹೆಸರಿನ ತರಕಾರಿ!"

ಆಮೇಲೆ ನಾನು ಸಮಾಧಾನಕ್ಕೆ ಅಂತ ಒಂದೆರಡು ಮಾತಾಡಿದೆ. "ಹೋಗ್ಲಿ ಬಿಡು, ಬೇಗ ಹುರಿ, ಹಸಿವಾಗ್ತಿದೆ" ಅಂತಲೂ ಅಂದೆನೇನೋ, ಸರಿಯಾಗಿ ನೆನಪಿಲ್ಲ. ನೆನಪಿರುವುದು ಅವಳು ಮಣಿ ಪೋಣಿಸುವ ಸೂಜಿಗಳ ಕಟ್ಟನ್ನೂ ಮರದ ಮೊರವನ್ನೂ ಕಂಕುಳಲ್ಲಿ ಇರುಕಿಕೊಂಡು ಸೇತುವೆ ಹತ್ತಿದ್ದು. ತುದಿಯಲ್ಲಿ ನಿಂತು ಹಿಂತಿರುಗಿ ನೋಡುತ್ತಾಳೆ ಅಂದುಕೊಂಡೆ. ನೋಡಲಿಲ್ಲ.

ಇಲ್ಲಿ ನಮ್ಮ ಅತ್ತೆಯ ಓಣಿಯ ಬಗ್ಗೆ ಎರಡು ಮಾತು. ಅಲ್ಲಿ ಹೆಂಗಸರು ಕಾಲುವೆಯ ದಂಡೆಯ ಮೇಲೆ ಸಾಲಾಗಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಗಾಜಿನ ಮಣಿ ತುಂಬಿದ ಮೊರ ಇಟ್ಟುಕೊಂಡು, ಉದ್ದುದ್ದ ಸೂಜಿಗಳನ್ನು ಬೀಸಣಿಗೆಯ ಹಾಗೆ ಹಿಡಿದು ಮಣಿರಾಶಿಯೊಳಗೆ ಚುಚ್ಚುತ್ತಾ ಸರ ಪೋಣಿಸುತ್ತಾರೆ. ಅವರು ದಿನವಿಡೀ ಕೈಯಲ್ಲಿ ಮಣಿ ಹಿಡಿದಿದ್ದರೂ ಯಾರಿಗೂ ಮಣಿಯುವವರಲ್ಲ. ಆ ಸಾಲಿನ ಮಹಾರಾಣಿ ನಮ್ಮ ಅತ್ತೆ ಸಿಯೋರಾ (ಅಂದರೆ ಶ್ರೀಮತಿ) ಝಾಂಜೆ, ರಾಜಮಾತೆ ಜೀಜಜ್ಜಿ. ಅವರ ಬಾಯಿಗೆ ಬಿದ್ದ ಸುದ್ದಿ ನಮ್ಮ ವಪೊರೆತ್ತೊಗಿಂತ ಮುಂಚೆ ಮುಂದಿನ ನಿಲ್ದಾಣ ತಲುಪುತ್ತದೆ. ಅವತ್ತೇ ಸಾಯಂಕಾಲದ ಎರಡನೇ ಪಾಳಿಯಲ್ಲಿ ಹಗ್ಗ ಎಸೆಯುತ್ತಿದ್ದಂತೆಯೇ ನನಗೆ ಪರಿಚಯವೇ ಇಲ್ಲದ ಒಬ್ಬಾಕೆ ಇಳಿಯುತ್ತಾ, "ಏನಪ್ಪಾ, ಎತ್ತು ಹೇಗಿದೆ?" ಅಂದಳು.

ದೋಣಿ ನಡೆಸುವ ಚೆಂಚೊ ಮಾವ (ಸ್ವಂತ ಮಾವನಲ್ಲ, ಊರಿಗೆಲ್ಲ ಮಾವ) ಚುಕ್ಕಾಣಿ ಬಿಟ್ಟು ನಕ್ಕ. ದೋಣಿಯೂ ಸ್ವಲ್ಪ ಅಲುಗಾಡಿ ನಕ್ಕಿತು.

"ಬಾರೋ, ಒಂದು ನೆರಳು ಕುಡಿಯೋಣ," ಎಂದ, ಪಾಳಿ ಮುಗಿದ ಮೇಲೆ. (ನಮ್ಮಲ್ಲಿ ಪುಟ್ಟ ಗ್ಲಾಸು ವೈನಿಗೆ ನೆರಳು ಅನ್ನುತ್ತಾರೆ. ಹೆಚ್ಚು ನೆರಳು ಕುಡಿದವನನ್ನು ಆಮೇಲೆ ಬಿಸಿಲಿನಿಂದ ಎತ್ತಿ ತರಬೇಕಾಗುತ್ತದೆ.) ಕುಡಿಯುತ್ತಾ ಅವನು ಕೋಟಿನೊಳಗಿಂದ ಒಂದು ದಪ್ಪ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟ. ರಟ್ಟು ಹರಿದಿತ್ತು, ಒಳಗಡೆ ಎಷ್ಟೋ ತಲೆಮಾರಿನ ಹೆಬ್ಬೆರಳ ಗುರುತುಗಳಿದ್ದವು.

ಅದು ನಮ್ಮ ಊರಿನವನೇ ಆದ ಒಬ್ಬ ಹಳೇ ಕಾಲದ ಮಹಾರಸಿಕನ ಆತ್ಮಕಥೆ. ಹೆಸರು ಬೇಡ. ಆ ಹೆಸರೆತ್ತಿದರೆ ನಮ್ಮ ಅತ್ತೆ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಸಾಹಸಿ, ಜೂಜುಕೋರ, ಕತ್ತಿವರಸೆಯವನು, ಯುರೋಪಿನ ರಾಣಿಯರಿಂದ ಹಿಡಿದು ರೊಟ್ಟಿ ಸುಡುವವಳ ತನಕ ಯಾರ ಬಾಗಿಲನ್ನೂ ಬಡಿಯದೆ ಒಳಗೆ ಹೋದವನು.

"ಓದು," ಎಂದ ಚೆಂಚೊ ಮಾವ. "ಇವನೂ ನಿನ್ನ ಹಾಗೇ ಇದೇ ಕಾಲುವೆ ನೀರು ಕುಡಿದು ಬೆಳೆದೋನು. ಡಚೆಸ್ಸುಗಳನ್ನೇ ಗೆದ್ದ. ನಿನಗೆ ಬೇಕಿರೋದು ಒಬ್ಬಳು. ಅದೂ ಈಗಾಗಲೇ ನಿನ್ನ ಹೆಂಡತಿ! ಅರ್ಧ ಕೆಲಸ ಪಾದ್ರಿ ಮುಗಿಸಿಕೊಟ್ಟಿದ್ದಾನೆ."

ಓದಿದೆ. ನಿಲ್ದಾಣ ನಿಲ್ದಾಣದ ನಡುವೆ ಓದಿದೆ. ಒಂದು ಸಲ ಮಹಾರಸಿಕ ಗವರ್ನರನ ಮಗಳ ಕೈ ಹಿಡಿಯುವ ಹೊತ್ತಿಗೆ ಸರಿಯಾಗಿ ನಿಲ್ದಾಣ ಬಂದು, ನಾನು ಹಗ್ಗವನ್ನು ಕಂಬದ ಬದಲು ಒಬ್ಬ ಸನ್ಯಾಸಿನಿಯ ಕೊಡೆಗೆ ಹಾಕಿದೆ. ಓದಿದಷ್ಟೂ ಎದೆ ಉಬ್ಬಿತು. ಎಷ್ಟು ಸುಲಭ! ಪುಸ್ತಕದ ಪ್ರಕಾರ ಮುನಿದ ಹೆಣ್ಣಿಗೆ ಒಂದೇ ಮದ್ದು: ಇಳಿಹೊತ್ತಿನಲ್ಲಿ ಅವಳ ಕಿಟಕಿಯ ಕೆಳಗೆ ಜಲಮಾರ್ಗವಾಗಿ ಹೋಗಿ, ದೋಣಿಯಲ್ಲಿ ನಿಂತು, ಹೃದಯ ತೆರೆದು ಹಾಡುವುದು.

ಭಾನುವಾರ ಮದುವೆಯ ಕೋಟು ಹಾಕಿದೆ. ಪಕ್ಕದ ಮನೆಯವನ ಪುಟ್ಟ ದೋಣಿ ಕೇಳಿ ತಂದೆ. ಧೈರ್ಯಕ್ಕೆ ಇರಲಿ ಅಂತ ಪುಸ್ತಕವನ್ನೂ ಜೊತೆಯಲ್ಲಿಟ್ಟುಕೊಂಡೆ. ಕಾಲುವೆಯಲ್ಲಿ ಹುಟ್ಟು ಹಾಕುತ್ತಾ ಹೊರಟಾಗ ನನ್ನ ಭಂಗಿ ಹೇಗಿತ್ತೆಂದರೆ, ಸೇತುವೆಯ ಮೇಲಿದ್ದ ಪಾರಿವಾಳಗಳು ಎದ್ದು ದಾರಿ ಬಿಟ್ಟವು.

ನಿನೆತಾಳ ಕಿಟಕಿಯ ಕೆಳಗೆ ಬಂದೆ. ಎದೆ ತುಂಬ ಉಸಿರೆಳೆದುಕೊಂಡೆ. ಆದರೆ ವರ್ಷಗಟ್ಟಲೆ ಅಭ್ಯಾಸ ನೋಡಿ, ದೋಣಿ ಗೋಡೆ ಮುಟ್ಟುತ್ತಿದ್ದ ಹಾಗೆ ನನ್ನ ಕೈ ತನ್ನಷ್ಟಕ್ಕೆ ಹಗ್ಗ ಎಸೆದು ಗೋಡೆಯ ಕಬ್ಬಿಣದ ಬಳೆಗೆ ಬಿಗಿಯಿತು, ಬಾಯಿ ತನ್ನಷ್ಟಕ್ಕೆ ತೆರೆದುಕೊಂಡು ಹಾಡಿನ ಬದಲು ಗರ್ಜಿಸಿತು:

"ಇಳಿಯುವವರು ಮೊದಲು!"

ದಂಡೆಯ ಮೇಲೆ ಸಾಲಾಗಿ ಕುಳಿತಿದ್ದ ಹೆಂಗಸರೆಲ್ಲ ಒಟ್ಟಿಗೆ ತಲೆಯೆತ್ತಿದರು. (ಭಾನುವಾರವೂ ಕುಳಿತಿದ್ದರು. ಕೈಯಲ್ಲಿ ಕೆಲಸವಿರಲಿಲ್ಲ, ಆದ್ದರಿಂದ ಗಮನವೆಲ್ಲ ನನಗೇ ಮೀಸಲು.) ಮೇಲೆ ಕಿಟಕಿಯ ಪಡಿ ಧಡಾರನೆ ಮುಚ್ಚಿಕೊಂಡಿತು.

ಮಾನ ಹೋದ ಮೇಲೆ ಅಲ್ಲಿ ನಿಲ್ಲಬಾರದು. ಹಗ್ಗ ಬಿಚ್ಚಿ ಹುಟ್ಟು ಒತ್ತಿದೆ. ದೋಣಿ ಕದಲಲಿಲ್ಲ. ಇನ್ನೊಮ್ಮೆ ಒತ್ತಿದೆ. ಕೆಳಗೆ ನೋಡಿದೆ.

ನೀರಿರಲಿಲ್ಲ.

ನೀರಿನ ಮೇಲೆ ಹುಟ್ಟಿ, ನೀರಿನ ಮೇಲೆ ಬೆಳೆದು, ನೀರಿನ ಮೇಲೆ ಸಂಬಳ ಎಣಿಸುವ ನಾನು, ಮಹಾರಸಿಕನ ಪುಸ್ತಕವನ್ನು ಗಮನವಿಟ್ಟು ಓದಿದ್ದೆ, ಸಮುದ್ರದ ಇಳಿತದ ಹೊತ್ತನ್ನು ನೋಡಿರಲಿಲ್ಲ! ವರ್ಷಗಳಿಂದ ಹೂಳು ತೆಗೆಯದ ಆ ಸಣ್ಣ ಕಾಲುವೆ ಇಳಿತಕ್ಕೆ ಪೂರ್ತಿ ಬರಿದಾಗುತ್ತದೆ. ನಾನು ತೇಲಿ ಬಂದದ್ದು ಕೊನೆಯ ಗೇಣು ನೀರಿನಲ್ಲಿ, ಈಗ ಅದೂ ಇಳಿದು ನನ್ನ ದೋಣಿ ಕೆಸರಿನಲ್ಲಿ ಅಲ್ಲಾಡದೆ ಕೂತಿತ್ತು. ಇಳಿದರೆ ಸೊಂಟದವರೆಗೆ ಹೂತುಹೋಗುತ್ತೇನೆ, ಹತ್ತೋಣವೆಂದರೆ ಗೋಡೆ ಪಾಚಿ.

ಜೀಜಜ್ಜಿ ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದಳು. "ಕೆಸರಲ್ಲಿ ಹೂವು ಅರಳೋದು ಕೇಳಿದ್ದೆ ಕಣ್ರೇ. ಆರ್ಟಿಚೋಕ್ ಅರಳಿದ್ದು ಇವತ್ತೇ ನೋಡಿದ್ದು!"

ಆ ನಗು ಕಾಲುವೆಯ ಎರಡೂ ಗೋಡೆಗೆ ಬಡಿದು ಬಹಳ ಹೊತ್ತು ಅಲ್ಲೇ ಓಡಾಡಿಕೊಂಡಿತ್ತು.

"ಅಳಿಯಂದಿರೇ," ಎಂದರು ಅತ್ತೆ, ಕೊನೆಗೆ ಕಣ್ಣೊರೆಸಿಕೊಂಡು, "ಕೈಯಲ್ಲಿ ಅದೇನು? ಪ್ರಾರ್ಥನೆ ಪುಸ್ತಕವಾ?"

"ಅಲ್ಲ ಅತ್ತೆ. ಅದು... ಇತಿಹಾಸ."

"ಯಾರ ಇತಿಹಾಸ?"

ಹೆಸರು ಹೇಳಿದೆ. ಸಾಲಿನ ಉದ್ದಕ್ಕೂ ಶಿಲುಬೆಯ ಗುರುತುಗಳು ಬಿದ್ದವು. ಆಮೇಲೆ ಕುರ್ಚಿಗಳು ಕಿರ್ರೆಂದು ದಂಡೆಯ ಅಂಚಿಗೆ ಸರಿದವು.

"ನೀರು ಬರೋವರೆಗೆ ನೀನು ನಮ್ಮೋನು," ಎಂದರು ಅತ್ತೆ. "ಓದು."

ಓದಿದೆ. ಕೆಸರಿನ ನಡುವೆ, ಮದುವೆಯ ಕೋಟಿನಲ್ಲಿ ನಿಂತು ಓದಿದೆ. "'ನಾನು ದೊರೆಸಾನಿ ಮಾರ್ಕೇಸಾಳ ಅಂತಃಪುರವನ್ನು ಹೊಗೆಗೂಡಿನ ಮಾರ್ಗವಾಗಿ ಪ್ರವೇಶಿಸಿದೆ. ನನ್ನನ್ನು ಕಂಡೊಡನೆ ಆಕೆ ಬಿಳಿಯ ರೇಶಿಮೆಯ ಶಯ್ಯೆಯ ಮೇಲೆ ಮೂರ್ಛೆ ಹೋದಳು. ನಾನು ಆಕೆಯನ್ನು ತೋಳುಗಳಲ್ಲಿ ಎತ್ತಿಕೊಂಡೆ...'"

"ನಿಲ್ಲಿಸು," ಎಂದಳು ಜೀಜಜ್ಜಿ. "ಹೊಗೆಗೂಡಿಂದ ಬಂದ ಅಂದ್ಯಲ್ಲ. ಮೈಯೆಲ್ಲ ಮಸಿ ಇರ್ಲಿಲ್ವಾ?"

ಪುಟ ತಿರುವಿದೆ. "ಬರೆದಿಲ್ಲ ಅಜ್ಜಿ."

"ಹೆಂಗೆ ಬರೀತಾನೆ! ಆ ಬಿಳಿ ರೇಶಿಮೆ ಒಗೆದವಳು ಬರೆದಿದ್ರೆ ಬರೆಯೋಳು."

"ಅವಳಿಗೆ ಮೂರ್ಛೆ ಬಂದಿದ್ದೂ ಅದಕ್ಕೇ ಇರ್ಬೇಕು," ಎಂದರು ಅತ್ತೆ. "ಹಾಸಿಗೆ ನೋಡಿ. ಮುಂದಕ್ಕೆ ಓದಪ್ಪ."

ಎಲ್ಲ ಸಾಹಸಗಳನ್ನೂ ಅವರು ಹೀಗೆಯೇ ಗಂಜಿ ಹಾಕಿ ಇಸ್ತ್ರಿ ಮಾಡಿ ಇಟ್ಟರು. ಮಹಾರಸಿಕ ಕತ್ತಿ ಹಿರಿದರೆ "ಊಟ ಆಗಿತ್ತಾ ಅವನಿಗೆ?" ಅಂತ ಕೇಳಿದರು. ಅವನು ಕಣ್ಣೀರಿಟ್ಟರೆ "ಸಾಲ ಕೇಳೋಕೆ ಬಂದಿದ್ದಾನೆ" ಅಂದರು, ಮುಂದಿನ ಪುಟದಲ್ಲಿ ನೋಡಿದರೆ ಹಾಗೆಯೇ ಇತ್ತು! ಆದರೆ ಒಬ್ಬರೂ ಏಳಲಿಲ್ಲ. ಕೊನೆಗೆ ಮಹಾರಸಿಕ ಮಂಚದ ಕೆಳಗೆ ಅಡಗಿದ್ದು, ಮಾರ್ಕೇಸಾಳ ಗಂಡ ಬಂದು ಮಂಚದ ಮೇಲೆ ಕೂತು ಬೂಟು ಬಿಚ್ಚತೊಡಗಿದ ಹೊತ್ತಿಗೆ, ನನ್ನ ದೋಣಿ ಮೆಲ್ಲನೆ ಎದ್ದು ತೇಲಿತು. ನಾನು ಪುಸ್ತಕ ಮುಚ್ಚಿದೆ.

"ಆಮೇಲೆ?" ಎಂಬ ಕೂಗು ದಂಡೆಯಿಂದ ಬಂತು.

"ನೀರು ಬಂತು. ನನಗೆ ಪಾಳಿ ಇದೆ."

"ನಾಳೆ ಬಾ," ಎಂದರು ಅತ್ತೆ. "ದೋಣಿ ಬೇಡ. ಕುರ್ಚಿ ಹಾಕಿಸ್ತೀನಿ."

ಹುಟ್ಟು ಹಾಕುತ್ತಾ ಮೇಲೆ ನೋಡಿದೆ. ಮುಚ್ಚಿದ್ದ ಕಿಟಕಿಯ ಪಡಿ ಒಂದು ಬೆರಳಿನಷ್ಟು ತೆರೆದಿತ್ತು.

ಅಲ್ಲಿಂದ ನನ್ನ ದಿಗ್ವಿಜಯ ಶುರು. ದಿನಾ ಪಾಳಿ ಮುಗಿಸಿ ಸೇತುವೆ ದಾಟಿ ಹೋಗುವುದು, ಸಾಲಿನ ಮಧ್ಯದ ಕುರ್ಚಿಯಲ್ಲಿ ಕೂರುವುದು, ಓದುವುದು. ಕಥೆ ಬಿಸಿಯೇರಿದರೆ ಸೂಜಿಗಳು ಮಣಿಯಲ್ಲಿ ಸರಸರ ಓಡುತ್ತಿದ್ದವು, ಬಿಸಿ ಇನ್ನೂ ಏರಿದರೆ ಪೂರ್ತಿ ನಿಂತುಬಿಡುತ್ತಿದ್ದವು. ಅತ್ತೆ, ನನಗೆ ಹೆಣ್ಣು ಕೊಟ್ಟಾಗಲೂ ಕೊಡದಿದ್ದ ಒಂದು ಮೆತ್ತೆಯನ್ನು ತಂದು ನನ್ನ ಬೆನ್ನಿಗೆ ಇಟ್ಟರು. ಮಹಾರಸಿಕ ಒಂದೊಂದೇ ಹೆಣ್ಣನ್ನು ಕಿಟಕಿ ಹಾರಿ ಗೆದ್ದ. ನಾನು ಒಂದು ಇಡೀ ಓಣಿಯನ್ನು ಕೂತಲ್ಲಿಂದಲೇ ಗೆದ್ದಿದ್ದೆ. ಆದರೆ ಬೇಕಾದವಳು ಮಾತ್ರ ಕೆಳಗೆ ಬಂದಿರಲಿಲ್ಲ. ಕಿಟಕಿಯ ಪಡಿ ಈಗ ಒಂದು ಗೇಣು ತೆರೆದಿರುತ್ತಿತ್ತು, ಅಷ್ಟೆ. ಆ ಸಂದಿಯೇ ನನ್ನ ಉಬ್ಬರವಿಳಿತದ ಲೆಕ್ಕ.

ಹೀಗಿರುವಾಗ ಮಹಾರಸಿಕ ಕೈಕೊಟ್ಟ. ಪುಸ್ತಕದ ನಡುಭಾಗಕ್ಕೆ ಬರುವ ಹೊತ್ತಿಗೆ ಅವನಿಗೆ ವಯಸ್ಸಾಗಿ, ಪುಟಗಟ್ಟಲೆ ತನ್ನ ಹೊಟ್ಟೆಯ ಬಗ್ಗೆಯೇ ಬರೆದುಕೊಂಡಿದ್ದ. ಮಲಬದ್ಧತೆ, ಸೂಪಿನಲ್ಲಿ ಉಪ್ಪು ಹೆಚ್ಚು, ದರ್ಜಿಯ ಜೊತೆ ತಕರಾರು. ಸೂಜಿಗಳು ನಿಧಾನವಾದವು. ಅತ್ತೆ ಆಕಳಿಸಿದರು. ಮೇಲೆ ಕಿಟಕಿಯ ಪಡಿ ಇಂಚಿಂಚೇ ಮುಚ್ಚಿಕೊಳ್ಳುತ್ತಿತ್ತು!

ಮುಳುಗುವವನು ಏನು ತಾನೇ ಮಾಡುತ್ತಾನೆ? ಪುಸ್ತಕದ ಮೇಲೆ ಕಣ್ಣು ನೆಟ್ಟುಕೊಂಡು, ಅದರಲ್ಲಿ ಇಲ್ಲದ್ದನ್ನು ಓದತೊಡಗಿದೆ.

"'ಇಷ್ಟೆಲ್ಲ ರಾಣಿಯರನ್ನು ಗೆದ್ದ ನಾನು,'" ಎಂದು ಓದಿದೆ, "'ನನ್ನ ಊರಿನಲ್ಲಿ, ಒಂದೇ ಒಂದು ಸೇತುವೆಯ ಆಚೆ ಇದ್ದ ಒಬ್ಬ ಸುಂದರಿಯ ಮುಂದೆ ಸೋತೆ.'"

ಸೂಜಿಗಳು ನಿಂತವು. ಪಡಿಯೂ ನಿಂತಿತು.

"'ಹಬ್ಬದ ದಿನ ಆಕೆಗೆ ಮೊಗ್ಗು ಕೊಡುವುದರಲ್ಲಿ ನನ್ನಿಂದ ಒಂದು ಸಣ್ಣ ಲೋಪವಾಯಿತು. ದೇವೀ, ನಾನೇನು ಮಾಡಲಿ? ಅಂದು ಇಡೀ ನಗರದಲ್ಲಿ ಒಂದು ಮೊಗ್ಗೂ ಉಳಿದಿರಲಿಲ್ಲ!'"

"ಉಳಿದಿರ್ಲಿಲ್ವಂತೆ!" ಎಂಬ ಮಾತು ಮೇಲಿನಿಂದ ಬಿತ್ತು, ಹೂಕುಂಡ ಬಿದ್ದ ಹಾಗೆ. "ಹಿಂದಿನ ದಿನಾನೇ ತಂದು ನೀರಲ್ಲಿ ಇಡಬೇಕು ಅಂತ ಆ ರಸಿಕನಿಗೆ ಯಾರೂ ಹೇಳಿರ್ಲಿಲ್ವಾ?"

ನಾನು ತಲೆಯೆತ್ತಲಿಲ್ಲ. ಪುಟದ ಮೇಲೆ ಬೆರಳು ಸರಿಸಿ ಹುಡುಕಿದೆ. "'ಹೇಳಿದ್ದರು,' ಎಂದು ಒಪ್ಪಿಕೊಂಡ ಮಹಾರಸಿಕ. 'ಆದರೆ ಹಿಂದಿನ ದಿನ ನನಗೆ ಎರಡು ಪಾಳಿ ಇತ್ತು.'"

"ಮಹಾರಸಿಕನಿಗೆ ಪಾಳಿಯಾ?" ಎಂದರು ಅತ್ತೆ.

"ಅರಮನೆಯಲ್ಲಿ, ಅತ್ತೆ. ಅರಮನೆಯಲ್ಲೂ ಪಾಳಿ ಇರುತ್ತೆ."

"ಇರುತ್ತೆ ಇರುತ್ತೆ," ಎಂದಳು ಜೀಜಜ್ಜಿ ಗಂಭೀರವಾಗಿ. "ಓದು. ಆ ಸುಂದರಿ ಏನಂದ್ಲು?"

"'ಸುಂದರಿ ಸ್ವಲ್ಪ ಹಠಮಾರಿ. ಒಂದು ಮೊಗ್ಗಿಗಾಗಿ ಇಷ್ಟು ದೊಡ್ಡ ರಂಪ...'"

"ಆ ಸುಂದರಿ ಹಾಗೆ ರಂಪ ಮಾಡ್ಲಿಲ್ಲ!" ಪಡಿ ಪೂರ್ತಿ ತೆರೆದುಕೊಂಡಿತು. ನಿನೆತಾ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದಳು. "ಅವಳಿಗೆ ಮೊಗ್ಗು ಮುಖ್ಯ ಆಗಿರ್ಲಿಲ್ಲ. ಅವಳು ಕೋಪ ಮಾಡ್ಕೊಂಡಿದ್ದು ತರಕಾರಿ ಕೊಟ್ಟಿದ್ದಕ್ಕೂ ಅಲ್ಲ. ಬಾಗಿಲಲ್ಲಿ ನಿಂತು ಏನಂದ ಅವನು? 'ಬೇಗ ಹುರಿ, ಹಸಿವಾಗ್ತಿದೆ' ಅಂದ! ಅವಳು ಬೆಳಗಿಂದ ಹೊಸ ರವಿಕೆ ಹಾಕ್ಕೊಂಡು ಕಾಯ್ತಾ ನಿಂತಿದ್ದಳು. ರಾತ್ರಿಯೆಲ್ಲ ಕೂತು ಹೊಲಿದಿದ್ದು. ಅದರ ಕಡೆ ನೋಡಿದನಾ? ಆ ಪುಸ್ತಕದಲ್ಲಿ ನೋಡಿ ಹೇಳು, ನೋಡಿದನಾ?"

ದಂಡೆಯ ಮೇಲೆ ಸೂಜಿಗಳೆಲ್ಲ ಮೊರ ಬಿಟ್ಟು ಮೇಲೆದ್ದವು.

"ಯಾವ ಬಣ್ಣದ ರವಿಕೆ?" ಎಂದಳು ಜೀಜಜ್ಜಿ, ನನ್ನನ್ನೇ ನೋಡುತ್ತಾ.

"ಹೌದು, ಯಾವ ಬಣ್ಣ ಅಂತ ಬರೆದಿದೆ?" ಎಂದರು ಅತ್ತೆ.

ಓದುಗರೇ, ಮಹಾರಸಿಕ ಆಗಿದ್ದರೆ ಕ್ಷಣ ಕೂಡ ತಡೆಯುತ್ತಿರಲಿಲ್ಲ. 'ನಿನ್ನ ಕಣ್ಣುಗಳಂತೆ ನೀಲಿ' ಎಂದೋ, 'ಉಷೆಯಂತೆ ಗುಲಾಬಿ' ಎಂದೋ ಹಾರಿಸಿ, ಅದು ಹಸಿರಾಗಿದ್ದರೂ ಗೆದ್ದುಬಿಡುತ್ತಿದ್ದ. ನನ್ನ ನಾಲಿಗೆಯ ತುದಿಗೂ ನೀಲಿ ಬಂತು. ಆದರೆ ಸಾಲಿನ ಉದ್ದಕ್ಕೂ ಅಷ್ಟು ಸೂಜಿಗಳು ನನ್ನ ಕಡೆ ತಿರುಗಿ ನಿಂತಿದ್ದವು. ಅವನ ಎದುರಿಗಾದರೆ ಬರೀ ಕತ್ತಿಗಳಿರುತ್ತಿದ್ದವು, ಅದು ಬೇರೆ ವಿಷಯ.

"'ನೋಡಲಿಲ್ಲ,'" ಎಂದು ಓದಿದೆ. ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು. "'ಆ ದಡ್ಡ ತರಕಾರಿಯನ್ನೇ ನೋಡುತ್ತಿದ್ದ.'"

ಕಿಟಕಿ ಖಾಲಿಯಾಯಿತು. ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿದವು. ನಿನೆತಾ ಬಂದು ನನ್ನ ಎದುರಿಗೆ ನಿಂತು ಕೈ ಚಾಚಿದಳು. "ಕೊಡು ಪುಸ್ತಕ."

ಕೊಟ್ಟೆ. ಇಳಿಯುವವರು ಮೊದಲು.

ಅವಳು ನನ್ನ ಬೆರಳಿದ್ದ ಪುಟವನ್ನು ಗಟ್ಟಿಯಾಗಿ ಓದಿದಳು: "'ಮಂಗಳವಾರದಿಂದ ಮಲವಿಸರ್ಜನೆಯಾಗಿಲ್ಲ. ವೈದ್ಯರು ಹರಳೆಣ್ಣೆ ಹೇಳಿದ್ದಾರೆ.'"

ಆಗ ಎದ್ದ ನಗುವಿಗೆ ಎದುರು ಮನೆಯ ಬೆಕ್ಕು ಕಾಲುವೆಗೆ ಬಿತ್ತು. ಜೀಜಜ್ಜಿಯ ಮೊರ ಮಗುಚಿ ಮಣಿಗಳು ದಂಡೆಯ ತುಂಬ ಚೆಲ್ಲಾಪಿಲ್ಲಿಯಾದವು. ನಾನು ಇರುವ ಜಾಗದಲ್ಲಿಯೇ ಇಳಿತಕ್ಕೆ ಸಿಕ್ಕವನಂತೆ ಕೂತಿದ್ದೆ. ನಗದಿದ್ದವಳು ನಿನೆತಾ ಒಬ್ಬಳೇ.

"ಸೇತುವೆಯಾಚೆಯ ಸುಂದರಿ ಎಲ್ಲಿದ್ದಾಳೆ ಇದರಲ್ಲಿ?"

"ಇನ್ನೂ ಅಚ್ಚಾಗಿಲ್ಲ," ಎಂದೆ.

"ನೇರಳೆ," ಎಂದಳು ಅವಳು.

"ಏನು?"

"ರವಿಕೆ. ಕಡು ನೇರಳೆ. ನೀನು ತಂದಿದ್ದ ಆ ಹಾಳು ಆರ್ಟಿಚೋಕಿಂದೇ ಬಣ್ಣ. ಪಕ್ಕಕ್ಕೆ ಹಿಡಿದು 'ನಿನ್ನ ರವಿಕೆಗೆ ಒಪ್ಪುತ್ತೆ' ಅಂದಿದ್ರೆ ಸಾಕಾಗಿತ್ತಲ್ಲೋ ಮಂಕೇ!"

ಆಗ ನಕ್ಕಳು. ನಕ್ಕು, ಸೂಜಿಗಳ ಕಟ್ಟನ್ನು ನನ್ನ ಕೈಗೂ ಮೊರವನ್ನು ನನ್ನ ಕಂಕುಳಿಗೂ ತುರುಕಿ, ಸೇತುವೆ ಹತ್ತಿದಳು. ತುದಿಯಲ್ಲಿ ನಿಂತು ಹಿಂತಿರುಗಿ ನೋಡಿದಳು. ನನ್ನ ಪಟ್ಟಾಭಿಷೇಕ ಆದದ್ದು ಅಲ್ಲಿ. ಎಷ್ಟೋ ಡ್ಯೂಕರು ಯುದ್ಧ ಗೆದ್ದು ನಮ್ಮೂರಿಗೆ ಬಂದಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಹೆಂಡತಿಯ ಹಿಂದೆ ಮಣಿಯ ಮೊರ ಹೊತ್ತು ಆ ಸೇತುವೆ ಇಳಿದ ನನ್ನಷ್ಟು ಎದೆ ಸೆಟೆಸಿ ಯಾರೂ ನಡೆದಿರಲಾರರು. ಮನೆಯ ಬಾಗಿಲು ತೆರೆದು, ಪಕ್ಕಕ್ಕೆ ಸರಿದು, ನನ್ನ ಜೀವನದಲ್ಲಿ ಮೊದಲ ಬಾರಿಗೆ ಕೂಗಿದೆ: "ಹತ್ತುವವರು ಮೊದಲು!"

ಅದೇ ತಪ್ಪಾಯಿತು. ನಿನೆತಾ ಒಳಗೆ ಹೋದಳು. ಅವಳ ಹಿಂದೆ ಕುರ್ಚಿ ಹಿಡಿದುಕೊಂಡು ಅತ್ತೆ. ಅತ್ತೆಯ ಹಿಂದೆ ಮೊರ ಹಿಡಿದುಕೊಂಡು ಜೀಜಜ್ಜಿ. ಜೀಜಜ್ಜಿಯ ಹಿಂದೆ, ಸೇತುವೆಯ ಆ ತುದಿಯವರೆಗೂ, ಇಡೀ ಸಾಲು.

"ಸುಂದರಿ ಮನೆಗೇನೋ ಬಂದ್ಲು," ಎಂದರು ಅತ್ತೆ, ನನ್ನ ಬಾಗಿಲ ಮುಂದೆ ಕುರ್ಚಿ ಊರಿ. "ಆಮೇಲೆ ಏನಾಯ್ತು ಅಂತ ಗೊತ್ತಾಗಬೇಡ್ವಾ? ಈ ಕಡೆ ಸಂಜೆ ಬಿಸಿಲೂ ಚೆನ್ನಾಗಿದೆ."

ಅವತ್ತಿನಿಂದ ಓಣಿಯೇ ಸೇತುವೆ ದಾಟಿ ನನ್ನ ಮನೆಯ ಮುಂದೆ ಬಂದು ಕೂತಿದೆ. ಪುಸ್ತಕವನ್ನು ಚೆಂಚೊ ಮಾವನಿಗೆ ವಾಪಸು ಕೊಟ್ಟೆ. ಅದು ಯಾರಿಗೂ ಬೇಕಾಗಿರಲಿಲ್ಲ. ಪುಸ್ತಕ ಕೊಟ್ಟ ದಿನವೇ ನಿನೆತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೇಗಿದ್ರೂ ಬಾಯಲ್ಲೇ ಹೇಳ್ತೀಯ, ಕೈ ಖಾಲಿ ತಾನೇ?" ಎಂದು ನನ್ನ ತೊಡೆಯ ಮೇಲೊಂದು ಮೊರ ಇಟ್ಟಳು. ಹಗ್ಗ ಹಿಡಿದ ಬೆರಳಿಗೆ ಸೂಜಿ ಒಗ್ಗುವುದು ಕಷ್ಟ. ಆದರೂ ಈಗ ಹಸಿರು ಮಣಿಯಲ್ಲಿ ನನ್ನ ಕೈ ಪರವಾಗಿಲ್ಲ ಅಂತ ಜೀಜಜ್ಜಿ ಹೇಳುತ್ತಾಳೆ. ಆ ದಾರಿಯಲ್ಲಿ ಹೋಗುವ ಗಂಡಸರು ಟೋಪಿ ತೆಗೆದು, "ಸಿಯೋರಾ ಮೊಮೊಲಾ" ಅನ್ನುತ್ತಾರೆ. ಹೊಟ್ಟೆಕಿಚ್ಚು. ಇಷ್ಟು ಹೆಂಗಸರು ದಿನಾ ಸಂಜೆ ಕಾದು ಕೂರುವ ಗಂಡಸು ಈ ಊರಿನಲ್ಲಿ ಇನ್ನೊಬ್ಬನನ್ನು ತೋರಿಸಲಿ!

ಈ ವರ್ಷ ಸಂತ ಮಾರ್ಕೋಸನ ಹಬ್ಬಕ್ಕೆ ಹಿಂದಿನ ದಿನವೇ ಮೊಗ್ಗು ತಂದೆ. ಊರಿನಲ್ಲೇ ಅತ್ಯಂತ ಕೆಂಪಾದದ್ದು, ಅತ್ಯಂತ ಬಿಗಿಯಾದದ್ದು. ರಾತ್ರಿಯಿಡೀ ನೀರಿನಲ್ಲಿ ಇಟ್ಟಿದ್ದೆ. ಬೆಳಗ್ಗೆ ಎಲ್ಲರ ಎದುರಿಗೆ, ಇಡೀ ಸಾಲಿನ ಎದುರಿಗೆ, ಅದನ್ನು ನಿನೆತಾಳ ನೇರಳೆ ರವಿಕೆಯ ಪಕ್ಕಕ್ಕೆ ಹಿಡಿದು, "ಒಪ್ಪುತ್ತೆ," ಎಂದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಅತ್ತೆ ಕಣ್ಣೊರೆಸಿಕೊಂಡರು. ನಿನೆತಾ ಮೊಗ್ಗನ್ನು ಮೂಸಿ, ಮುಡಿಗೆ ಸಿಕ್ಕಿಸಿಕೊಂಡು, ಬಾಗಿಲ ಹಿಂದಿನಿಂದ ಒಂದು ಬುಟ್ಟಿ ಎಳೆದು ನನ್ನ ಮುಂದಿಟ್ಟಳು. ಅದರ ತುಂಬ ಸಾಂತ್ ಎರಾಸ್ಮೊದ ಆರ್ಟಿಚೋಕು.

"ಬೇಗ ಹುರಿ," ಎಂದಳು. "ಎಲ್ಲರಿಗೂ ಹಸಿವಾಗ್ತಿದೆ."

ಬಾಣಲೆ ಇಟ್ಟೆ. ಎಣ್ಣೆ ಕಾಯುವಷ್ಟರಲ್ಲಿ ಹೊರಗಿನಿಂದ ಜೀಜಜ್ಜಿಯ ದನಿ ಬಂತು. "ಕೈಗೆ ಕೆಲಸ ಸಿಕ್ತು ಅಂತ ಬಾಯಿಗೆ ರಜಾನಾ? ಕಥೆ ಎಲ್ಲಿಗೆ ಬಂದಿತ್ತು?"

ಗಂಟಲು ಸರಿಮಾಡಿಕೊಂಡೆ.

"ಆಗ ಮಹಾರಸಿಕ," ಎಂದು ಕಿಟಕಿಯಿಂದ ಕೂಗಿದೆ, "ಕತ್ತಿಯನ್ನು ಬಿಚ್ಚಿ ಮೊಳೆಗೆ ನೇತುಹಾಕಿದ. ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡ."

"ಗಂಟು ಸರಿಯಾಗಿ ಹಾಕಿಕೊಂಡನಾ?" ಎಂದಳು ನಿನೆತಾ.

"ಬಿಚ್ಚೋಕೆ ಬರದಂಥಾದ್ದು," ಎಂದೆ, ಮೊದಲ ಮೊಗ್ಗನ್ನು ಎಣ್ಣೆಗೆ ಬಿಡುತ್ತಾ.